ಕೊಂದವನು ಯಾರೆಂದು ಮೊದಲೇ ಹೇಳಿ ಐರಿಶ್ ಹಳ್ಳಿಯ ಕ್ರೈಂ ಚಿತ್ರ ಮಾಡಿದ ಬಗೆ

ಹನ್ನೊಂದನೇ ನಿಮಿಷಕ್ಕೇ ಕೊಲೆಗಾರನನ್ನು ತೋರಿಸಿಬಿಟ್ಟರೆ ಉಳಿದ ನಲವತ್ತು ನಿಮಿಷ ಯಾರು ಕೂರುತ್ತಾರೆ? ಸ್ಕ್ರಿಪ್ಟ್ ಓದಿದವರೆಲ್ಲ ಕೇಳಿದ್ದು ಇದನ್ನೇ. ಚಿತ್ರವನ್ನು ಐರ್ಲೆಂಡಿನ ಮೇಯೋ ಕೌಂಟಿಯ ಹಳ್ಳಿಯೊಂದರ ಹಾಲ್‌ನಲ್ಲಿ ತೋರಿಸಿದಾಗ ಒಬ್ಬರೂ ಏಳಲಿಲ್ಲ. ಆಮೇಲೆ ಅದೇ ಜನ ‘ಹೇಗೆ ಮಾಡಿದ್ರಿ’ ಅಂತ ಶುರು ಮಾಡಿದರು. ಅದಕ್ಕೇ ಈ ಬರಹ.

ಈ ಬಗೆಯ ಕಥೆಯಲ್ಲಿ ‘ಯಾರು’ ಅನ್ನುವುದು ಬೇಗ ಸವೆದುಹೋಗುತ್ತದೆ. ‘ಇನ್ಯಾರಿಗೆ ಗೊತ್ತು’ ಅನ್ನುವುದು ಸವೆಯುವುದಿಲ್ಲ. ನಮ್ಮ ಕಥೆಯಲ್ಲಿ 1996ರಲ್ಲಿ ಜಮೀನಿನ ದಾರಿ ವಿಷಯಕ್ಕೆ ನೆರೆಯವನನ್ನು ಕೊಂದ ರೈತ, ಅಂದಿನಿಂದ ಪ್ರತಿ ವರ್ಷ ಸತ್ತವನ ಹೆಂಡತಿಗೆ ಒಲೆಗೆ ಬೇಕಾದ ಟರ್ಫ್ (ಜೌಗು ನೆಲದಿಂದ ಕತ್ತರಿಸಿ ತೆಗೆದು ಉರಿಸುವ ಮಣ್ಣು) ಒಣಗಿಸಿ ಮನೆಗೋಡೆಗೆ ಒಟ್ಟಿ ಕೊಡುತ್ತಾನೆ, ಪುಕ್ಕಟೆ. ಊರಿಗೆ ಅವನು ದೇವರಂಥವನು. ಅಳು, ಕುಡಿತ, ತಪ್ಪೊಪ್ಪಿಗೆಯ ಪೆಟ್ಟಿಗೆ ಯಾವುದೂ ಬೇಡ. ಪಾಪಪ್ರಜ್ಞೆಯನ್ನು ದುಡಿಮೆಯಾಗಿ ತೋರಿಸಿದರೆ ಅರ್ಧ ಸಂಭಾಷಣೆ ಬೇಕಾಗುವುದೇ ಇಲ್ಲ. ಇದರ ಜೊತೆಗೆ ಒಂದೇ ಒಂದು ಸುಳಿವು: ಬಾಗ್‌ನ, ಅಂದರೆ ಆ ಜೌಗು ನೆಲದ, ಒಂದು ಪಟ್ಟಿಯ ಮೇಲೆ ಮಾತ್ರ ಅವನು ಟರ್ಫ್ ಕತ್ತರಿಸುವ ಕಾಂಟ್ರಾಕ್ಟರನ ಯಂತ್ರ ಹತ್ತಿಸಲು ಬಿಡುವುದಿಲ್ಲ. ‘ಅಲ್ಲಿ ತೇವ ಜಾಸ್ತಿ’ ಅನ್ನುತ್ತಾನೆ. ಅವನು ಆಸ್ಪತ್ರೆ ಸೇರಿದ ಬೇಸಿಗೆ, 2023ರಲ್ಲಿ, ಯಂತ್ರ ಹತ್ತುತ್ತದೆ.

ಸಿಕ್ಕಿದ್ದು ಕಪ್ಪಾದ ಉಣ್ಣೆಯ ಒಂದು ತುಂಡು, ಸ್ವಲ್ಪ ಕೂದಲು. ಇಲ್ಲಿಂದ ಮುಂದಿನ ಹತ್ತು ನಿಮಿಷವೇ ಚಿತ್ರದ ಬೆನ್ನೆಲುಬು. 2003ರಲ್ಲಿ ಓಲ್ಡ್ ಕ್ರೋಗನ್ ಮತ್ತು ಕ್ಲೊನಿಕ್ಯಾವನ್‌ನ ಬಾಗ್‌ಗಳಲ್ಲಿ ಸಿಕ್ಕ ಎರಡು ದೇಹಗಳು ಎರಡು ಸಾವಿರ ವರ್ಷಕ್ಕೂ ಹಿಂದಿನವು. ಹಾಗಾಗಿ ಅಲ್ಲಿ ದೇಹದ ಗುರುತು ಸಿಕ್ಕರೆ ಪೊಲೀಸರಂತೆ ಮ್ಯೂಸಿಯಂನವರೂ ಬರುತ್ತಾರೆ. ಪುರಾತನ ವಸ್ತು ಸಿಕ್ಕವರು 96 ಗಂಟೆಯೊಳಗೆ ತಿಳಿಸಬೇಕು ಅನ್ನುವುದು ಕಾನೂನು. ಊರಿನವರು ‘ಯಾವನೋ ಹಳೇ ರಾಜ’ ಅಂತ ತಮಾಷೆ ಮಾಡುತ್ತಿರುವಾಗ ಅಲ್ಲಿದ್ದ ಒಬ್ಬನಿಗೆ ಮಾತ್ರ ಅದು ರಾಜ ಅಲ್ಲ ಅಂತ ಗೊತ್ತು, ಪ್ರೇಕ್ಷಕರಿಗೂ ಗೊತ್ತು. ಯಾರು ನಗುತ್ತಿಲ್ಲ ಅನ್ನುವುದನ್ನು ಕ್ಯಾಮೆರಾ ಹುಡುಕುತ್ತದೆ. ಆಮೇಲೆ ನೈಲಾನ್ ಜಿಪ್ ಸಿಗುತ್ತದೆ. ತಮಾಷೆ ಅಲ್ಲಿಗೆ ಬಂದ್.

ದೇಹ ತೋರಿಸಲೇ ಇಲ್ಲ. ಪ್ರಾಸ್ಥೆಟಿಕ್‌ಗೆ, ಅಂದರೆ ನಕಲಿ ದೇಹಕ್ಕೆ, ಕೇಳಿದ ರೇಟು ನಮ್ಮ ಬಜೆಟ್‌ನ ಮೂರನೇ ಒಂದು ಭಾಗ. ಬದಲಿಗೆ ಸ್ವೆಟರಿನ ತೋಳು. ಬಾಗ್‌ನ ಆಮ್ಲದಲ್ಲಿ, ಗಾಳಿ ಸೋಕದೆ, ಉಣ್ಣೆ ಕೂದಲು ಚೆನ್ನಾಗಿ ಉಳಿಯುತ್ತವೆ, ಹತ್ತಿ ಲಿನನ್ ನಶಿಸುತ್ತವೆ. ಅದಕ್ಕೇ ಒಳಗಿನ ಹತ್ತಿ ಅಂಗಿಯನ್ನು ಚಿಂದಿ ಎಳೆಗಳಷ್ಟಕ್ಕೆ ಇಳಿಸಿ, ಪ್ಲಾಸ್ಟಿಕ್ ಗುಂಡಿ ಹಾಗೇ ಬಿಟ್ಟೆವು. ಬಣ್ಣ ಕೂರಿಸುವುದೇ ರಗಳೆ. ಬಿಸಿ ಚಹಾದಲ್ಲಿ ಕುದಿಸಿದ ಮೊದಲ ಎರಡು ಸ್ವೆಟರ್ ಮುದುಡಿ ಮಕ್ಕಳ ಅಳತೆಗೆ ಬಂದವು. ಕೆಲಸ ಮಾಡಿದ್ದು ತಣ್ಣನೆಯ ದಾರಿ: ಐದು ಲೀಟರ್ ನೀರಿಗೆ ಸುಮಾರು 200 ಗ್ರಾಂ ಚಹಾಪುಡಿ ಕುದಿಸಿ, ಪೂರ್ತಿ ಆರಿಸಿ, ಅದರಲ್ಲಿ ಎರಡು ರಾತ್ರಿ. ಆಮೇಲೆ ವಿನೆಗರ್‌ನಲ್ಲಿ ಮೊಳೆ ನೆನೆಹಾಕಿ ಬಂದ ತುಕ್ಕುನೀರು, ಬ್ರಷ್‌ನಲ್ಲಿ, ಅಲ್ಲಲ್ಲಿ ಮಾತ್ರ. ಚಹಾದ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು ತಾನಾಗೇ ಬರುತ್ತದೆ. ತುಕ್ಕುನೀರು ಜಾಸ್ತಿಯಾದರೆ ಕ್ಯಾಮೆರಾದಲ್ಲಿ ನೀಲಿ ಹೊಡೆಯುತ್ತದೆ. ಒದ್ದೆ ಹೊಳಪಿಗೆ ಕೊನೆಯಲ್ಲಿ ಹಚ್ಚಿದ್ದು ಏನು ಅಂತ ಹೇಳಲ್ಲ. ಮುಂದಿನ ಚಿತ್ರಕ್ಕೆ ಬೇಕು.

ಕಾಲದ ವಿವರಕ್ಕೆ ದುಡ್ಡು ಸುರಿಯಬೇಡಿ, ನಂಬರ್ ಪ್ಲೇಟ್ ಸಾಕು. 1987ರಿಂದ ಅಲ್ಲಿನ ಪ್ಲೇಟ್‌ನ ಮೊದಲ ಅಂಕಿಯೇ ವರ್ಷ, ನಂತರ ಕೌಂಟಿ. 2013ರಿಂದ ವರ್ಷದ ಪಕ್ಕ ಅರ್ಧವರ್ಷದ 1 ಅಥವಾ 2. ಹಿಂದಿನ ಕಥೆಗೆ 89-ಎಂಒ (ಎಂಒ ಅಂದರೆ ಮೇಯೋ) ಪ್ಲೇಟ್‌ನ ಒಂದು ಕಾರು, ಈಗಿನದಕ್ಕೆ 231-ಎಂಒ. ‘27 ವರ್ಷಗಳ ಹಿಂದೆ’ ಅಂತ ಬರಹ ಹಾಕುವ ಅಗತ್ಯವೇ ಬೀಳಲಿಲ್ಲ. ಹಿಂದಿನ ಕಥೆಯ ಅಂಗಡಿ ದೃಶ್ಯದಲ್ಲಿ ಪೌಂಡ್ ನೋಟು ಇರಲಿ, ಯೂರೋ ನೋಟು ಕೈಗೆ ಬಂದಿದ್ದು 2002ರಲ್ಲಿ. ಗಾರ್ಡಾ, ಅಂದರೆ ಅಲ್ಲಿನ ಪೊಲೀಸರ, ಸಮವಸ್ತ್ರವೂ 2022ರಲ್ಲಿ ಬದಲಾಗಿದೆ, ಈಗಿನ ದೃಶ್ಯಕ್ಕೆ ಹಳೆಯ ಟೈ ಹಾಕಿಸಿದರೆ ಊರಿನವರು ನಗುತ್ತಾರೆ. 2012-13ರಲ್ಲಿ 139 ಠಾಣೆ, ಹೆಚ್ಚಿನವು ಗ್ರಾಮೀಣ, ಮುಚ್ಚಿದ್ದು ಕಥೆಗೆ ವರವಾಯಿತು. ಹಳೇ ಫೈಲ್ ಎಲ್ಲಿ ಹೋಯಿತು ಅಂತ ವಿವರಿಸಬೇಕಿಲ್ಲ, ಮುಚ್ಚಿದ ಠಾಣೆಯ ಬಾಗಿಲು ತೋರಿಸಿದರೆ ಮುಗಿಯಿತು.

ಮೊದಲ ಕಟ್ ಸತ್ತುಹೋಗಿತ್ತು. ಕಾರಣ ನಿಧಾನವಲ್ಲ, ಖಾಲಿತನ. ಬೆಟ್ಟ, ಮಂಜು, ಬೇಲಿ ಅಂತ ಇಪ್ಪತ್ತು ಸೆಕೆಂಡಿನ ಶಾಟ್‌ಗಳು. ಅವನ್ನೆಲ್ಲ ಮೂರ್ನಾಲ್ಕು ಸೆಕೆಂಡಿಗೆ ಕತ್ತರಿಸಿ, ಡ್ರೋನ್ ಶಾಟ್ ಪೂರ್ತಿ ತೆಗೆದು, ಉದ್ದವನ್ನು ಕೆಲಸಕ್ಕೆ ಮಾತ್ರ ಕೊಟ್ಟೆವು. ಟರ್ಫ್ ಒಣಗಲು ಐದಾರು ಹೆಂಟೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸುತ್ತಾರಲ್ಲ, ಒಂದು ಗೂಡು ಪೂರ್ತಿ ಆಗುವತನಕ ಕಟ್ ಇಲ್ಲ. ಸುಮಾರು ಐವತ್ತು ಸೆಕೆಂಡ್. ನೋಡುವವನ ಮನಸ್ಸು ಹೆಂಟೆ ಎಣಿಸುತ್ತದೆ, ಗೂಡು ನಿಂತೀತೇ ಅಂತ ಕಾಯುತ್ತದೆ. ನಾಲ್ಕನೆಯದು ಇಡುವಾಗ ಹಿಂದಿನಿಂದ ಕಾರಿನ ಸದ್ದು, ಅವನು ತಿರುಗುವುದಿಲ್ಲ, ಐದನೆಯದು ಇಡುತ್ತಾನೆ. ಆ ಒಂದು ಶಾಟ್ ಬಗ್ಗೆ ನನಗೆ ಜಂಬ ಇದೆ, ಇರಲಿ.

ಬಾಗ್ ಹೆಜ್ಜೆಯ ಸದ್ದನ್ನೇ ನುಂಗುತ್ತದೆ, ಗಾಳಿ ಉಳಿದದ್ದನ್ನು ತಿನ್ನುತ್ತದೆ. ಲೊಕೇಶನ್ ಸೌಂಡ್‌ನಲ್ಲಿ ಬಳಸಲು ಬಂದದ್ದು ಮಾತು ಮಾತ್ರ. ಫೋಲಿಗೆ (ಆಮೇಲೆ ಬೇರೆಯಾಗಿ ಮಾಡಿ ಸೇರಿಸುವ ಹೆಜ್ಜೆ ಸದ್ದಿಗೆ) ಒದ್ದೆ ಸ್ಪಂಜು, ಮರದ ಹೊಟ್ಟು, ಹಳೇ ಹಾಸಿಗೆ ಎಲ್ಲ ನೋಡಿ ಬಿಟ್ಟೆವು. ಕೊನೆಗೆ ಗೆದ್ದದ್ದು ನಮ್ಮ ತೆಂಗಿನ ಕೋಕೋಪೀಟ್. ಬಾಗ್‌ನ ಮಣ್ಣಾದ ಪೀಟ್‌ಗೆ ಬದಲಿ ಅಂತ ಅಲ್ಲಿನ ತೋಟಗಾರಿಕೆ ಅಂಗಡಿಯಲ್ಲೇ ಸಿಗುತ್ತದೆ. ಐದು ಕಿಲೋದ ಇಟ್ಟಿಗೆ ನೆನೆದರೆ 70 ಲೀಟರ್‌ನಷ್ಟಾಗುತ್ತದೆ. ಬರೀ ಅದೇ ಆದರೆ ಸದ್ದು ಹಗುರ, ಕೆಳಗೆ ನೆಂದ ನ್ಯೂಸ್‌ಪೇಪರ್ ನಾಲ್ಕು ಬೆರಳು ದಪ್ಪ ಹಾಸಿ, ಬೂಟನ್ನು ಒತ್ತುವುದಕ್ಕಿಂತ ಎತ್ತುವುದನ್ನು ರೆಕಾರ್ಡ್ ಮಾಡಿ.

ಒಟ್ಟು ಖರ್ಚು 19,000 ಯೂರೋ ಆಸುಪಾಸು. ಊಟ, ವಾಸ್ತವ್ಯಕ್ಕೆ ಆರು ಸಾವಿರ, ಸಾರಿಗೆಗೆ ಎರಡೂವರೆ, ಕಾಂಟ್ರಾಕ್ಟರನ ಟ್ರ್ಯಾಕ್ಟರ್, ಯಂತ್ರಕ್ಕೆ ದಿನಕ್ಕೆ ಐನೂರರ ಹತ್ತಿರ. ಚುಚ್ಚಿದ್ದು ವಿಮೆ: ಸಾರ್ವಜನಿಕ ಜಾಗ ಕೇಳಿದರೆ 65 ಲಕ್ಷ ಯೂರೋ ಕವರ್ ತೋರಿಸಿ ಅನ್ನುತ್ತಾರೆ, ಪ್ರೀಮಿಯಂ ಸಾವಿರ ದಾಟಿತು. ಲೈಟಿಗೆ ಮಾತ್ರ ಖರ್ಚೇ ಇಲ್ಲ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಮೇಲೆ, ಮುಸ್ಸಂಜೆ ಹನ್ನೊಂದರತನಕ ಎಳೆಯುತ್ತದೆ. ಅದೇ ಹೊತ್ತಿಗೆ ಮಿಜ್ ಅನ್ನುವ ಸಣ್ಣ ನೊಣ ಮುತ್ತುತ್ತದೆ, ನಟರ ಕಣ್ಣು ಮೂಗು ಬಿಡುವುದಿಲ್ಲ. ಗಾಳಿ ಸ್ವಲ್ಪ ಬೀಸಿದರೆ ಏಳುವುದಿಲ್ಲ. ಹಾಗಾಗಿ ಮಾತಿನ ದೃಶ್ಯವನ್ನು ಗಾಳಿ ಇರುವ ದಿನಕ್ಕೇ ಇಟ್ಟುಕೊಳ್ಳಿ, ಸೌಂಡ್‌ನವರು ಗೊಣಗಲಿ. ಮುಖಪರದೆಯ ಟೋಪಿಯನ್ನು ಸಿಬ್ಬಂದಿಯ ಸಂಖ್ಯೆಗಿಂತ ನಾಲ್ಕು ಹೆಚ್ಚೇ ತನ್ನಿ.