ತಾರಸಿಯ ಮಲ್ಲಿಗೆಯಲ್ಲಿ ಡಿಸೆಂಬರಿಗೂ ಹೂ ತೆಗೆದೆ: ನನ್ನ ಅನುಭವ

ಹೋದ ಡಿಸೆಂಬರಿನಲ್ಲಿ ಒಂದು ದಿನ ನಮ್ಮ ತಾರಸಿಯಿಂದಲೇ ಪೂರ್ತಿ ಒಂದು ಚೆಂಡು ಹೂ ಕಟ್ಟಿ ಕೊಟ್ಟೆ. ಒಂದು ಚೆಂಡು ಅಂದರೆ ಲೆಕ್ಕದ ಎಂಟುನೂರು ಹೂ. ಹೂ ಒಯ್ಯುವ ಅಣ್ಣ ಅದನ್ನು ಕೈಯಲ್ಲಿ ಎತ್ತಿ ನೋಡಿ, "ಇದು ನೆಲದ ಗಿಡದ್ದಾ ಅಕ್ಕ?" ಅಂದರು. ಗ್ರೋ ಬ್ಯಾಗಿನದ್ದು, ಮಣ್ಣು ತುಂಬಿದ ಚೀಲದ್ದು ಎಂದೆ. ನಂಬಲಿಲ್ಲ. ಮೆಟ್ಟಿಲು ಹತ್ತಿಸಿ ಗಿಡ ತೋರಿಸಿಯೇ ಕಳಿಸಿದೆ.

ಇಷ್ಟು ಖುಷಿ ಯಾಕೆ ಅಂದರೆ, ನಾಲ್ಕು ವರ್ಷ ಎಲ್ಲರೂ ಬೇಡ ಅಂದ ಕೆಲಸ ಇದು. ನಮ್ಮ ಅತ್ತೆ ಉಡುಪಿ ಹತ್ತಿರದ ಶಂಕರಪುರದ ಕಡೆಯವರು, ಹುಟ್ಟಿದ್ದೇ ಮಲ್ಲಿಗೆ ಗಿಡಗಳ ನಡುವೆ. ಅವರೇ "ಮಲ್ಲಿಗೆಗೆ ನೆಲ ಬೇಕು, ಚೀಲದಲ್ಲಿ ಅದು ಬದುಕುವುದಿಲ್ಲ" ಎಂದಿದ್ದರು. ಪಕ್ಕದ ಮನೆಯ ಬಾಯಮ್ಮನಿಗೆ ನೂರರ ಹತ್ತಿರ ಗಿಡ ಉಂಟು, ಅವರದ್ದೂ ಅದೇ ಮಾತು. ಚೀಲದಲ್ಲಿ ಗಿಡ ಬಂದರೂ ಮಾರ್ಚ್‌ನಿಂದ ಮೇ ತನಕ ನಾಲ್ಕು ಹೂ ಕೊಟ್ಟೀತು, ಚಳಿಗೆ ಏನೂ ಸಿಕ್ಕುವುದಿಲ್ಲ ಅಂತ. ಆದರೆ ರೇಟು ಇರುವುದೇ ಚಳಿಗಾಲದಲ್ಲಿ, ಅಲ್ವಾ? ಎಲ್ಲರ ಗಿಡ ಹೂ ಬಿಡುವಾಗ ಅಟ್ಟಿಗೆ, ಅಂದರೆ ನಾಲ್ಕು ಚೆಂಡಿಗೆ, ರೇಟು ಇನ್ನೂರು ಮುನ್ನೂರು ರೂಪಾಯಿಗೆ ಇಳಿದದ್ದನ್ನು ನೋಡಿದ್ದೇನೆ. ಮದುವೆ, ದೈವಗಳ ಕೋಲ, ನೇಮ ಶುರುವಾಗಿ ಹೂ ಇಲ್ಲದಿದ್ದಾಗ ಸಾವಿರ ದಾಟಿದ್ದನ್ನೂ ನೋಡಿದ್ದೇನೆ.

ನಾನು ಶುರು ಮಾಡಿದ್ದು 2019ರ ಜೂನ್‌ನಲ್ಲಿ. 40 ಗಿಡ. ಗಿಡಕ್ಕೆ 40 ರೂಪಾಯಿಯ ಹಾಗೆ ಒಂದು ನರ್ಸರಿಯಿಂದ ತಂದೆ. ಚೀಲ, ಮಣ್ಣು, ಹಟ್ಟಿಗೊಬ್ಬರ, ಮೇಲೆ ಹೊತ್ತು ಹಾಕಿದ ಆಳಿನ ಕೂಲಿ ಎಲ್ಲ ಸೇರಿ ಸುಮಾರು 14 ಸಾವಿರ ಆಯಿತು. ಹೂ ಬಿಟ್ಟ ಮೇಲೆ ನೋಡಿದರೆ ಅದರಲ್ಲಿ ಆರೇಳು ಗಿಡ ನಮ್ಮ ಊರಿನ ಮಲ್ಲಿಗೆ ಜಾತಿಯದ್ದೇ ಅಲ್ಲ. ಎಸಳು ದಪ್ಪ, ಗುಂಡು ಮೊಗ್ಗು. ಹೂ ಮಾರುವ ಕಟ್ಟೆಯ ಹೂವಿನ ಜೊತೆ ಅದು ಹೋಗುವುದಿಲ್ಲ. ಈಗ ದೇವರಿಗೆ ಇಡಲು ಎರಡನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಗಿಡ ತರುವುದಾದರೆ ಹೂ ಕೊಡುವ ತಾಯಿ ಗಿಡವನ್ನು ಕಣ್ಣಾರೆ ನೋಡಿ ಅದರದ್ದೇ ಗೆಲ್ಲು, ಅಂದರೆ ರೆಂಬೆ, ತನ್ನಿ. ನಾನು ಆಮೇಲೆ ಮಾಡಿದ್ದೆಲ್ಲ ಬಾಯಮ್ಮ ಕೊಟ್ಟ ಗೆಲ್ಲಿನಿಂದ.

ಜಾತಿ ತಪ್ಪಿದ್ದು ಹೂ ಬಿಟ್ಟ ಮೇಲೆ ತಿಳಿದದ್ದು. ಅದಕ್ಕೂ ಮೊದಲು, ನೆಟ್ಟ ವರ್ಷದ ಮಳೆಗಾಲದಲ್ಲೇ 11 ಗಿಡ ಸತ್ತವು. ಬೇರು ಕೊಳೆತು ಕಪ್ಪಾಗಿತ್ತು, ಮುಟ್ಟಿದರೆ ಸಿಪ್ಪೆ ಕೈಗೇ ಬರುತ್ತಿತ್ತು. ಚೀಲದ ಅಡಿಯ ತೂತು ತಾರಸಿಗೆ ಒತ್ತಿಕೊಂಡು ಮುಚ್ಚಿ ಹೋಗಿತ್ತು. ಮರುವರ್ಷ ಎಲ್ಲ ಚೀಲಗಳನ್ನೂ ಇಟ್ಟಿಗೆ ತುಂಡಿನ ಮೇಲೆ ಏರಿಸಿದೆ. ಅಡಿಯಿಂದ ಎರಡು ಇಂಚು ಮೇಲೆ, ಬದಿಯಲ್ಲಿ ತೂತು ಹಾಕಿದೆ. ಮಣ್ಣಿಗೆ ಮೂರನೇ ಒಂದು ಪಾಲು ಸುಡುಮಣ್ಣು ಬೆರೆಸಿದೆ. ಅಲ್ಲಿಂದ ಈಚೆಗೆ ಮಳೆಗಾಲಕ್ಕೆ ಬೇರು ಕೊಳೆತು ಸತ್ತದ್ದು ಒಟ್ಟು ಮೂರೋ ನಾಲ್ಕೋ ಅಷ್ಟೆ. ಇಟ್ಟಿಗೆಯಿಂದ ತಾರಸಿ ಸೋರುವುದೂ ನಿಂತಿತು. ಆದರೆ ಅಷ್ಟರಲ್ಲಿ ವಾಟರ್‌ಪ್ರೂಫಿಂಗ್‌ಗೆ ಎಂಟು ಸಾವಿರ ಹೋಗಿ ಆಗಿತ್ತು.

ಇನ್ನು ಸವರುವ, ಅಂದರೆ ಗೆಲ್ಲು ಕಡಿಯುವ ವಿಷಯ. ನಾನು ಜಾಸ್ತಿ ಪೆಟ್ಟು ತಿಂದದ್ದು ಇಲ್ಲಿ. ಚಳಿಗೆ ಹೂ ಬೇಕು, ಹೊಸ ಚಿಗುರಿನಲ್ಲೇ ಮೊಗ್ಗು ಬರುವುದು, ಹಾಗಾದರೆ ಬೇಗ ಸವರಿದರೆ ಆಯಿತು ಎಂದುಕೊಂಡು 2020ರಲ್ಲಿ ಆಗಸ್ಟ್‌ನಲ್ಲೇ ಕತ್ತರಿ ಹಾಕಿದೆ. ಮೂರು ದಿನ ಬಿಸಿಲಿತ್ತು, ಆಮೇಲೆ ಹತ್ತು ದಿನ ಬಿಡದೆ ಮಳೆ. ಕಡಿದ ತುದಿಯಿಂದ ಗೆಲ್ಲು ಕೆಳಗೆ ಒಣಗುತ್ತಾ ಬಂತು. ಅರ್ಧ ಗಿಡಗಳು ಕಡ್ಡಿಯಾದವು. ಮಾರನೇ ವರ್ಷ ಹೆದರಿ ತುದಿ ತುದಿ ಮಾತ್ರ ಚಿವುಟಿದೆ. ಗಿಡ ಹಸಿರಾಗಿ ಚೆಂದ ಇತ್ತು, ಚಳಿ ಮುಗಿಯುವ ತನಕ ಹೂ ಮಾತ್ರ ಕೈಗೆ ಹತ್ತಿಪ್ಪತ್ತು.

ಈಗ ನಾನು ಮಾಡುವುದು ಹೀಗೆ. ಗಿಡಗಳನ್ನು ಎರಡು ಪಾಲು ಮಾಡುತ್ತೇನೆ. ಮೊದಲ ಪಾಲಿಗೆ ಸೆಪ್ಟೆಂಬರ್ ಕೊನೆಗೆ ಕತ್ತರಿ, ಎರಡನೆಯದಕ್ಕೆ ನವೆಂಬರ್ ಮಧ್ಯಕ್ಕೆ. ಮೊದಲ ಪಾಲು ಮಳೆಗೆ ಸಿಕ್ಕಬಾರದು ಎಂದು ಅಷ್ಟರ ಮೇಲೆ ಮಾತ್ರ ಪ್ಲಾಸ್ಟಿಕ್ ಶೀಟು ಎಳೆದಿದ್ದೇನೆ. ಹಳೇ ಪೈಪು, ಅಡಿಕೆ ಸಲಕೆ, ಶೀಟಿಗೆ ಎರಡೂವರೆ ಸಾವಿರ. ಸವರುವ ಮೊದಲು ಎಂಟು ಹತ್ತು ದಿನ ನೀರು ನಿಲ್ಲಿಸುತ್ತೇನೆ. ಎಲೆ ಬಾಡಿ ಹಳದಿ ತಿರುಗಬೇಕು. ಆಮೇಲೆ ಮಣ್ಣಿನಿಂದ ಒಂದೂವರೆ ಅಡಿ ಬಿಟ್ಟು ಕಡಿಯುತ್ತೇನೆ. ಸಪೂರ, ಒಣ, ಒಳಗೆ ತಿರುಗಿದ ಗೆಲ್ಲು ಒಂದನ್ನೂ ಉಳಿಸುವುದಿಲ್ಲ. ಉಳಿದ ಎಲೆಯನ್ನೂ ಕೈಯಲ್ಲೇ ಕೀಳುತ್ತೇನೆ. ಮೊದಲ ಸಲ ಅದನ್ನು ನೋಡಿದ ಅತ್ತೆ ಎರಡು ದಿನ ತಾರಸಿಗೇ ಬರಲಿಲ್ಲ. ಅವರಿಗೆ ಅಷ್ಟು ಸಂಕಟ ಆಗಿತ್ತು.

ಅದೇ ಸಂಜೆ ಶೇಕಡಾ ಒಂದರ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು ಸುಣ್ಣದ ಮದ್ದು, ಸಿಂಪಡಿಸುತ್ತೇನೆ. ಅಡಿಕೆ ತೋಟ ಇರುವವರ ಮನೆಯಲ್ಲಿ ಮೈಲುತುತ್ತು, ಸುಣ್ಣ ಇದ್ದೇ ಇರುತ್ತದೆ. ಹತ್ತು ಲೀಟರಿಗೆ ತಲಾ ನೂರು ಗ್ರಾಂ. ದಪ್ಪ ಗೆಲ್ಲಿನ ಕಡಿದ ಬಾಯಿಗೆ ಅದನ್ನೇ ಗಟ್ಟಿ ಮಾಡಿ ಬಳಿಯುತ್ತೇನೆ. ಆಗಸ್ಟ್‌ನಲ್ಲಿ ಗಿಡ ಒಣಗಿದ್ದು ಇದನ್ನು ಮಾಡದೆ ಇದ್ದುದಕ್ಕೇ ಎಂದು ಈಗ ನನಗೆ ಖಾತ್ರಿ.

ಮೂರನೇ ದಿನ ನೀರು, ಹಿಂಡಿ ಶುರು. ನೆಲಗಡಲೆ ಹಿಂಡಿಯನ್ನು ಮೂರು ದಿನ ಕೊಳೆಸಿ, ಹತ್ತು ಪಾಲು ನೀರಿಗೆ ಬೆರೆಸಿ ಹದಿನೈದು ದಿನಕ್ಕೊಮ್ಮೆ ಗಿಡಕ್ಕೆ ಒಂದು ಲೀಟರಿನಷ್ಟು ಹಾಕುತ್ತೇನೆ. ಆ ನೀರಿಗೆ ಇನ್ನೂ ಒಂದು ವಸ್ತು ಸೇರಿಸುತ್ತೇನೆ, ಮೊಗ್ಗಿನ ತೊಟ್ಟು ಉದ್ದ ಬರುವುದು ಅದರಿಂದ. ಅದನ್ನು ಕಲಿಸಿಕೊಟ್ಟವರು ಯಾರಿಗೂ ಹೇಳಬಾರದು ಎಂದಿದ್ದಾರೆ. ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ಹೂ ಬರುತ್ತದೆ.

ಇಷ್ಟು ಮಾಡಿ 2022ರಲ್ಲಿ ಚಿಗುರು ಚೆನ್ನಾಗಿಯೇ ಬಂತು. ನವೆಂಬರ್ ಕೊನೆಗೆ ಗೆಲ್ಲಿನ ತುದಿಗೆಲ್ಲ ಮೊಗ್ಗು. ಒಂದು ವಾರದಲ್ಲಿ ಆ ಮೊಗ್ಗುಗಳ ಬುಡ ನೇರಳೆ ಬಣ್ಣಕ್ಕೆ ತಿರುಗಿತು. ಬುಡ ಊದಿ, ತುದಿ ಮುರುಟಿ, ಬೆಳೆಯದೆ ಒಣಗಿ ಉದುರಿದವು. ಹತ್ತರಲ್ಲಿ ಏಳು ಹೀಗೇ. ಇದು ತೂತು ಕೊರೆದು ಒಳಗೆ ಹಿಕ್ಕೆ ಬಿಡುವ ಮೊಗ್ಗು ಹುಳ ಅಲ್ಲ. ಅದನ್ನು ನಾವೆಲ್ಲ ನೋಡಿದ್ದೇವೆ, ಹೆಕ್ಕಿ ಕೊಂದರೆ ಮುಗಿಯಿತು. ನಾನು ಗಿಡದ ಮದ್ದಿನ ಅಂಗಡಿಗೆ ಹೋದೆ. ಅವರು ಕೊಟ್ಟ ಬಾಟಲಿಗೆ 640 ರೂಪಾಯಿ. ಮೂರು ಸಲ ಸಿಂಪಡಿಸಿದೆ. ನೇರಳೆ ಮೊಗ್ಗು ಕಡಿಮೆ ಆಗಲಿಲ್ಲ, ಮೇಲಿಂದ ಕೆಂಪು ನುಸಿ ಬಂತು. ನುಸಿ ತಿನ್ನುವ ಸಣ್ಣ ಹುಳಗಳೆಲ್ಲ ಆ ಮದ್ದಿಗೆ ಸತ್ತಿದ್ದವು. ಎಲೆಯ ಅಡಿಯಲ್ಲಿ ಬಲೆ ಕಟ್ಟಿ ಎಲೆ ತಾಮ್ರದ ಬಣ್ಣಕ್ಕೆ ತಿರುಗಿತು. ನುಸಿಯನ್ನು ಕಡೆಗೆ ಇಳಿಸಿದ್ದು ಬರೀ ನೀರು. ಬೆಳಿಗ್ಗೆ ಎಲೆಯ ಅಡಿಗೆ ತಾಗುವ ಹಾಗೆ ಪೈಪಿನಿಂದ ಜೋರಾಗಿ, ಹತ್ತು ದಿನ.

ನೇರಳೆ ಮೊಗ್ಗನ್ನು ಒಂದು ಸಂಜೆ ಉಗುರಲ್ಲಿ ಸೀಳಿ ಬೆಳಕಿಗೆ ಹಿಡಿದೆ. ಒಳಗೆ ಬಿಳಿ ಹುಳ, ಎಳ್ಳಿಗಿಂತ ಸಣ್ಣದು. ಒಂದೇ ಮೊಗ್ಗಿನಲ್ಲಿ ಐದಾರು. ಹೊರಗೆ ಒಂದು ತೂತೂ ಇಲ್ಲ. ಮದ್ದು ಒಳಗೆ ಮುಟ್ಟುವುದಾದರೂ ಹೇಗೆ? ಹಾರ್ಲಿಕ್ಸ್ ಬಾಟಲಿಗೆ ಎರಡು ಇಂಚು ಒದ್ದೆ ಮಣ್ಣು ಹಾಕಿ, ಮೇಲೆ ಇಪ್ಪತ್ತು ಮೊಗ್ಗು ಇಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ಅಡುಗೆಮನೆ ಕಿಟಕಿಯಲ್ಲಿಟ್ಟೆ. ನಾಲ್ಕನೇ ದಿನಕ್ಕೆ ಮೊಗ್ಗು ಖಾಲಿ. ಹುಳ ಎಲ್ಲ ಮಣ್ಣಿಗೆ ಇಳಿದಿತ್ತು. ಎರಡೂವರೆ ವಾರ ಕಳೆದ ಮೇಲೆ ಬೆಳಿಗ್ಗೆ ನೋಡಿದರೆ ಬಟ್ಟೆಯ ಒಳಬದಿಯಲ್ಲಿ ಪುಟ್ಟ ನೊಣಗಳು ಕೂತಿವೆ. ಉದ್ದ ಕಾಲು, ಸೊಳ್ಳೆಗಿಂತ ಎಷ್ಟೋ ಸಣ್ಣ. ನನಗೆ ಬೇಕಾದ ಉತ್ತರ ಅಲ್ಲಿತ್ತು. ನಾನು ಗಿಡಕ್ಕೆ ಮದ್ದು ಬಿಡುತ್ತಿದ್ದೆ, ಅದು ಮರಿ ಮಾಡುತ್ತಿದ್ದದ್ದು ನನ್ನ ಚೀಲದ ಮಣ್ಣಿನಲ್ಲಿ.

ಅಂದಿನಿಂದ ಕೆಲಸ ಮಣ್ಣಿನ ಮೇಲೆ. ಸವರಿದ ದಿನವೇ ಪ್ರತಿ ಚೀಲದ ಮೇಲಿನ ಎರಡು ಇಂಚು ಮಣ್ಣು ಕೆರೆದು ತೆಗೆಯುತ್ತೇನೆ. ಅದನ್ನು ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ ಎರಡು ವಾರ ಬಿಸಿಲಿಗೆ ಬಿಡುತ್ತೇನೆ. ಆ ಜಾಗಕ್ಕೆ ಸುಡುಮಣ್ಣು, ಎರಡು ಹಿಡಿ ಬೇವಿನ ಹಿಂಡಿ. ಮೊಗ್ಗು ಕಾಣಿಸಿಕೊಳ್ಳುವ ಹೊತ್ತಿಗೆ ಅಡಿಕೆ ಹಾಳೆಯನ್ನು ಚೀಲದ ಬಾಯಿಯ ಅಳತೆಗೆ ಕತ್ತರಿಸಿ, ಒಂದು ಬದಿಯಿಂದ ನಡುವಿನ ತನಕ ಸೀಳಿ ಬುಡಕ್ಕೆ ಸುತ್ತ ಹೊದಿಸುತ್ತೇನೆ. ಮೊಗ್ಗಿನಿಂದ ಬಿದ್ದ ಹುಳಕ್ಕೆ ಮಣ್ಣು ಸಿಕ್ಕುವುದಿಲ್ಲ, ಒಣ ಹಾಳೆಯ ಮೇಲೆ ಬಿಸಿಲಿಗೆ ಸಾಯುತ್ತದೆ. ನಾಲ್ಕು ದಿನಕ್ಕೊಮ್ಮೆ ಹಾಳೆ ತೆಗೆದು ಒಲೆಯ ಬದಿಯಲ್ಲಿ ಕೊಡವುತ್ತೇನೆ. ನೀರು ಹಾಕುವಾಗ ಹಾಳೆಯ ಅಂಚು ಎತ್ತಿ ಅಡಿಗೆ ಹಾಕಬೇಕು, ಹಾಳೆ ಒದ್ದೆಯಾದರೆ ಪ್ರಯೋಜನ ಇಲ್ಲ. ನೇರಳೆ ಮೊಗ್ಗು ಕಂಡರೆ ಅಂದೇ ಕಿತ್ತು ಬೆಂಕಿಗೆ ಹಾಕುತ್ತೇನೆ. ನೆಲಕ್ಕೆ ಎಸೆದರೆ ಮೊದಲು ಮಾಡಿದ ಕೆಲಸ ಎಲ್ಲ ವ್ಯರ್ಥ.

ಪೇಟೆಯಲ್ಲಿ ಸಿಕ್ಕುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟನ್ನೂ ಆರು ಚೀಲಕ್ಕೆ ಹಾಕಿ ನೋಡಿದೆ. ಹುಳ ಕಡಿಮೆಯಾಯಿತು ನಿಜ, ಆದರೆ ಅಡಿಯಲ್ಲಿ ಮಣ್ಣು ಹಬೆಯಾಡಿ ಒಂದು ಗಿಡದ ಬುಡ ಕೊಳೆಯಿತು. ಹಾಳೆಗೆ ಆ ತೊಂದರೆ ಇಲ್ಲ, ದುಡ್ಡೂ ಇಲ್ಲ. ಹಳದಿ ಡಬ್ಬಕ್ಕೆ ಹರಳೆಣ್ಣೆ ಬಳಿದು ನೇತು ಹಾಕಿದ್ದೆ. ಬಿಳಿ ನೊಣ ಬೇಕಾದಷ್ಟು ಅಂಟಿತು, ಈ ನೊಣ ಅಲ್ಲೊಂದು ಇಲ್ಲೊಂದು. ರಾತ್ರಿ ಬಲ್ಬು ಹಾಕಿದರೆ ಚಳಿಯಲ್ಲೂ ಮೊಗ್ಗು ಬೇಗ ಬರುತ್ತದೆಯೇ ಎಂದು ಎರಡು ತಿಂಗಳು ಎಂಟು ಗಿಡಕ್ಕೆ ಬಲ್ಬು ಉರಿಸಿದ್ದೆ. ನನಗೆ ವ್ಯತ್ಯಾಸ ಕಾಣಲಿಲ್ಲ, ಕರೆಂಟು ಬಿಲ್ಲು ಮಾತ್ರ ನಾನೂರು ಜಾಸ್ತಿ. ಇದೇ ಹಾಳೆಯನ್ನು ದಾಸವಾಳಕ್ಕೂ ಹಾಕಿದೆ. ಅದರ ಮೊಗ್ಗು ಅರಳದೆ ಹಳದಿಯಾಗಿ ಉದುರುತ್ತಿತ್ತು, ಸೀಳಿದರೆ ಒಳಗೆ ಇಂಥದ್ದೇ ಬಿಳಿ ಹುಳ. ಎರಡು ತಿಂಗಳಲ್ಲಿ ಉದುರುವುದು ಅರ್ಧಕ್ಕೆ ಇಳಿಯಿತು. ದಾಸವಾಳದ ಮೊಗ್ಗು ಉದುರುತ್ತಿದೆ ಎಂದು ಗೊಬ್ಬರ ಸುರಿಯುವವರು ಮೊದಲು ಒಂದು ಮೊಗ್ಗು ಸೀಳಿ ನೋಡಿ.

ಈಗ ಲೆಕ್ಕ. ಗಿಡ 36. 2023ರ ಚಳಿಗೆ ನೇರಳೆ ಮೊಗ್ಗು ಹತ್ತರಲ್ಲಿ ಮೂರಕ್ಕೆ ಬಂತು. ಹೋದ ಸಲ ಹತ್ತರಲ್ಲಿ ಒಂದು ಸಿಕ್ಕಿದರೆ ಹೆಚ್ಚು. ಮೊದಲ ಪಾಲಿನ ಗಿಡ ನವೆಂಬರ್ ಕೊನೆಯಿಂದ ಹೂ ಕೊಡುತ್ತದೆ. ಚಳಿಯಲ್ಲಿ ದಿನಕ್ಕೆ ಮುನ್ನೂರು ನಾನೂರು, ಒಳ್ಳೆಯ ದಿನ ಒಂದು ಚೆಂಡು. ಎರಡನೇ ಪಾಲು ಜನವರಿ ಕೊನೆಗೆ ಸೇರಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಮೂರು ಚೆಂಡು ಆದದ್ದೂ ಉಂಟು, ಆಗ ರೇಟು ಇರುವುದಿಲ್ಲ. ಹೋದ ವರ್ಷ ಒಟ್ಟು ಕೈಗೆ ಬಂದದ್ದು 31 ಸಾವಿರದ ಹತ್ತಿರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಸೆಂಬರ್‌ನಿಂದ ಫೆಬ್ರವರಿಯ ಒಳಗೆ. ಹಿಂಡಿ, ಗೊಬ್ಬರಕ್ಕೆ ಆರು ಸಾವಿರ ಕಳೆಯಿರಿ. ಬೆಳಿಗ್ಗೆ ಐದೂವರೆಗೆ ಎದ್ದು ಕೊಯ್ದದ್ದಕ್ಕೆ, ಅತ್ತೆ ಬಾಳೆನಾರಿನಲ್ಲಿ ಕಟ್ಟಿದ್ದಕ್ಕೆ ಕೂಲಿ ಹಾಕಿಲ್ಲ. ಮೊದಲ ಮೂರು ವರ್ಷದಲ್ಲಿ ಕಳೆದುಕೊಂಡದ್ದು ಹೋದ ವರ್ಷಕ್ಕೆ ತೀರಿತು.

ಈ ಸಲ ಬಾಯಮ್ಮ ತಮ್ಮ ನೆಲದ ಗಿಡಗಳಲ್ಲಿ ಹತ್ತಕ್ಕೆ ಹಾಳೆ ಹಾಕಿ ನೋಡುತ್ತೇನೆ ಎಂದಿದ್ದಾರೆ. ನೆಲದಲ್ಲಿ ಬುಡದ ಸುತ್ತ ಮೂರು ಅಡಿಯಾದರೂ ಮುಚ್ಚಬೇಕಾದೀತು, ಒಂದು ಗಿಡಕ್ಕೆ ಆರೇಳು ಹಾಳೆ. ಮೊನ್ನೆ ಭಾನುವಾರ ನಾವಿಬ್ಬರೂ ಅಡಿಕೆ ತೋಟಕ್ಕೆ ಹೋಗಿ ಎಪ್ಪತ್ತು ಹಾಳೆ ಹೆಕ್ಕಿ ತಂದು, ನೀರಿಗೆ ಹಾಕಿ ಚಪ್ಪಟೆ ಮಾಡಿ, ಕಲ್ಲು ಹೇರಿ ಒಣಗಲು ಇಟ್ಟಿದ್ದೇವೆ.