ಸ್ವಂತ ಸರ್ವರ್‌ನಲ್ಲಿ ವೆಬ್‌ಸೈಟ್, ಮೇಲ್: ಬೀಗ ಮೊದಲು, ಸಾಮಾನು ಆಮೇಲೆ

ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟರೆ ಒಂದು ಲಿನಕ್ಸ್ ವಿಪಿಎಸ್ (ದೊಡ್ಡ ಸರ್ವರ್‌ನಲ್ಲಿ ನಮಗೆಂದೇ ಬಿಟ್ಟುಕೊಟ್ಟ ಪಾಲು) ಬಾಡಿಗೆಗೆ ಸಿಗುತ್ತದೆ. ಅದರಲ್ಲಿ ವೆಬ್‌ಸೈಟ್ ನಿಲ್ಲಿಸಲು ಒಂದು ಸಂಜೆ ಸಾಕು. ಮೇಲ್ ಸರ್ವರ್ ಹಾಗಲ್ಲ. ಇನ್‌ಸ್ಟಾಲ್ ಮಾಡುವುದೇನೋ ಸುಲಭ. ಆದರೆ ನೀವು ಕಳಿಸಿದ ಮೇಲ್ ಅನ್ನು ಜಿಮೇಲ್, ಔಟ್‌ಲುಕ್ ನಂಬಬೇಕಲ್ಲ! ಕೆಲಸದ ಮುಕ್ಕಾಲು ಪಾಲು ಅಲ್ಲೇ ಇದೆ.

ಇಲ್ಲಿ ಹೇಳುವುದೆಲ್ಲ ಉಬುಂಟು 24.04ಕ್ಕೆ. ವೆಬ್‌ಗೆ ಎನ್‌ಜಿನ್‌ಎಕ್ಸ್, ಮೇಲ್ ಕಳಿಸಲು ಮತ್ತು ಪಡೆಯಲು ಪೋಸ್ಟ್‌ಫಿಕ್ಸ್, ಬಂದ ಮೇಲ್ ಓದಲು ಡವ್‌ಕಾಟ್. ಮೂರೂ ಉಚಿತ, ಮೂರೂ ಇಪ್ಪತ್ತು ವರ್ಷ ದಾಟಿದ ಗಟ್ಟಿ ಸಾಫ್ಟ್‌ವೇರ್. 2 ಜಿಬಿ ರ‍್ಯಾಮ್ ಸಾಕು. ಕ್ಲಾಮ್‌ಎವಿ ಆಂಟಿವೈರಸ್ ಬೇಕೇ ಬೇಕು ಅನ್ನುವವರು ಮಾತ್ರ ಜಾಸ್ತಿ ತಗೊಳ್ಳಿ. ಅದೊಂದೇ 1 ಜಿಬಿಗಿಂತ ಹೆಚ್ಚು ನುಂಗುತ್ತದೆ.

ದುಡ್ಡು ಕಟ್ಟುವ ಮುಂಚೆ

ವಿಪಿಎಸ್ ಕೊಡುವವರಿಗೆ ಎರಡು ಪ್ರಶ್ನೆ ಕೇಳಿ. ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಸಾಗುವ ಬಾಗಿಲು, ಅಂದರೆ ಹೊರಹೋಗುವ ಪೋರ್ಟ್ 25, ತೆರೆದಿದೆಯಾ? ನಮ್ಮ ಐಪಿ ವಿಳಾಸಕ್ಕೆ ಪಿಟಿಆರ್ ದಾಖಲೆ (ಆ ಐಪಿಯ ಹೆಸರೇನು ಅಂತ ಹೇಳುವುದು) ಹಾಕಿಕೊಳ್ಳಬಹುದಾ? ಸ್ಪ್ಯಾಮ್ ಕಾಟಕ್ಕೆ ಎಷ್ಟೋ ಕಂಪನಿಗಳು ಹೊಸ ಗ್ರಾಹಕರಿಗೆ ಪೋರ್ಟ್ 25 ಮುಚ್ಚಿಟ್ಟಿರುತ್ತವೆ. ಅಮೆಜಾನ್‌ನ ಇಸಿ2ನಲ್ಲೂ ಅರ್ಜಿ ಹಾಕಿಯೇ ತೆಗೆಸಬೇಕು. ಎರಡರಲ್ಲಿ ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೂ ಅಲ್ಲಿ ಮೇಲ್ ಸರ್ವರ್ ಕಟ್ಟುವುದು ದಂಡ. ವೆಬ್‌ಸೈಟ್ ಮಾತ್ರ ಇಟ್ಟುಕೊಳ್ಳಿ.

ಬಾಗಿಲು ಭದ್ರ ಮಾಡುವುದು

ಸರ್ವರ್ ಚಾಲೂ ಆದ ಕೆಲವೇ ನಿಮಿಷಗಳಲ್ಲಿ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಬಾಗಿಲು ತಟ್ಟಲು ಶುರು ಮಾಡುತ್ತವೆ. ಆದ್ದರಿಂದ ಬೇರೇನೂ ಹಾಕುವ ಮೊದಲು ಸಾಫ್ಟ್‌ವೇರ್ ಹೊಸದು ಮಾಡುವ ಆಪ್ಟ್ ಅಪ್‌ಡೇಟ್, ಆಪ್ಟ್ ಅಪ್‌ಗ್ರೇಡ್ ಆಜ್ಞೆಗಳನ್ನು ಮುಗಿಸಿ. ರೂಟ್ (ಪೂರ್ಣಾಧಿಕಾರದ ಖಾತೆ) ಅಲ್ಲದ ಒಂದು ಖಾತೆ ತೆರೆದು ಅದಕ್ಕೆ ಸುಡೋ ಅಧಿಕಾರ, ಅಂದರೆ ಬೇಕಾದಾಗ ರೂಟ್ ಆಗಿ ಆಜ್ಞೆ ಓಡಿಸುವ ಅಧಿಕಾರ, ಕೊಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಎಚ್‌ಗೆ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಇಡಿ25519 ಬಗೆಯ ಕೀ ಮಾಡಿ, ಅದರ ಪಬ್ಲಿಕ್ ಭಾಗವನ್ನು ಆ ಖಾತೆಗೆ ಸೇರಿಸಿ. ಕೀಯಿಂದ ಒಳಗೆ ಹೋಗಲು ಆಗುತ್ತಿದೆ ಅಂತ ಖಚಿತವಾದ ಮೇಲೆ ಪಾಸ್‌ವರ್ಡ್ ಲಾಗಿನ್ ಮತ್ತು ರೂಟ್ ಲಾಗಿನ್ ಎರಡನ್ನೂ ನಿಲ್ಲಿಸಿ.

ಇಲ್ಲೊಂದು ಮೋಸವಿದೆ. ಎಸ್‌ಎಸ್‌ಎಚ್‌ನ ಮುಖ್ಯ ಕಡತದಲ್ಲಿ ನೀವು ಪಾಸ್‌ವರ್ಡ್ ಬೇಡ ಅಂತ ಬರೆದಿರುತ್ತೀರಿ. ಪಕ್ಕದ ಫೋಲ್ಡರ್‌ನಲ್ಲಿ ಕ್ಲೌಡ್-ಇನಿಟ್ (ಹೊಸ ಸರ್ವರ್ ಅನ್ನು ಮೊದಲ ಸಲ ಸಿದ್ಧಮಾಡುವ ಸಾಫ್ಟ್‌ವೇರ್) ಇಟ್ಟ ಪುಟ್ಟ ಕಡತವೊಂದು ಬೇಕು ಅಂತ ಹೇಳುತ್ತಿರಬಹುದು. ಎಸ್‌ಎಸ್‌ಎಚ್‌ನಲ್ಲಿ ಮೊದಲು ಓದಿದ್ದೇ ಗೆಲ್ಲುತ್ತದೆ, ಮತ್ತು ಆ ಪುಟ್ಟ ಕಡತವೇ ಮೊದಲು ಓದಿಸಿಕೊಳ್ಳುತ್ತದೆ. ಸುಡೋ ಜೊತೆ ಎಸ್‌ಎಸ್‌ಎಚ್‌ಡಿ ಆಜ್ಞೆಗೆ ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟು ನೋಡಿ. ನಿಜಕ್ಕೂ ಯಾವುದು ಜಾರಿಯಲ್ಲಿದೆ ಅಂತ ಅದು ತೋರಿಸುತ್ತದೆ. ಈ ಪರೀಕ್ಷೆ ಮುಗಿಯುವ ತನಕ ಈಗಾಗಲೇ ಲಾಗಿನ್ ಆಗಿರುವ ಹಳೆಯ ಕಿಟಕಿ ಮುಚ್ಚಬೇಡಿ.

ಆಮೇಲೆ ಯುಎಫ್‌ಡಬ್ಲ್ಯು ಫೈರ್‌ವಾಲ್. ಮೊದಲು ಎಸ್‌ಎಸ್‌ಎಚ್‌ನ ಪೋರ್ಟ್ 22ಕ್ಕೆ ಅನುಮತಿ ಕೊಟ್ಟು ನಂತರವೇ ಅದನ್ನು ಆನ್ ಮಾಡಿ, ಇಲ್ಲದಿದ್ದರೆ ನೀವೇ ಹೊರಗೆ ಉಳಿಯುತ್ತೀರಿ. ವೆಬ್‌ಗೆ 80 ಮತ್ತು 443. ಮೇಲ್‌ಗೆ 25, 465, 993. ಮೇಲ್ ಓದುವ ಹಳೆಯ 110, 143 ಬೇಡ. ಡಾಕರ್ ಬಳಸುವವರಿಗೊಂದು ಮಾತು: ಡಾಕರ್ ಹೊರಗೆ ಬಿಟ್ಟ ಪೋರ್ಟ್‌ಗಳು ಯುಎಫ್‌ಡಬ್ಲ್ಯು ಕಣ್ಣು ತಪ್ಪಿಸಿ ತೆರೆದುಕೊಳ್ಳುತ್ತವೆ. ಡೇಟಾಬೇಸ್‌ ಅನ್ನು ಹಾಗೆ ಬಯಲಿಗೆ ಇಡಬೇಡಿ.

ವೆಬ್ ಭಾಗ

ಇದು ಚಿಕ್ಕದು. ಎನ್‌ಜಿನ್‌ಎಕ್ಸ್ ಹಾಕಿ, ನಿಮ್ಮ ಡೊಮೇನ್‌ಗೆ ಒಂದು ಸರ್ವರ್ ಬ್ಲಾಕ್ (ಆ ಸೈಟ್‌ನ ಸೆಟ್ಟಿಂಗ್) ಬರೆಯಿರಿ, ಎಚ್‌ಟಿಟಿಪಿಎಸ್ ಪ್ರಮಾಣಪತ್ರ ತಂದುಕೊಡುವ ಸರ್ಟ್‌ಬಾಟ್ ಓಡಿಸಿ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ 90 ದಿನದ ಪ್ರಮಾಣಪತ್ರ ಬರುತ್ತದೆ, ನವೀಕರಣ ತಾನಾಗಿಯೇ ಆಗುತ್ತದೆ. ಅವಧಿ ಮುಗಿಯುತ್ತಿದೆ ಅಂತ ನೆನಪಿಸುವ ಮೇಲ್‌ಗಳನ್ನು ಅವರು 2025ರಲ್ಲಿ ನಿಲ್ಲಿಸಿದ್ದಾರೆ. ಹಾಗಾಗಿ ಡ್ರೈ ರನ್ ಆಯ್ಕೆ ಕೊಟ್ಟು ಒಮ್ಮೆ ನವೀಕರಣ ಪರೀಕ್ಷೆ ಮಾಡಿಬಿಡಿ. ವರ್ಡ್‌ಪ್ರೆಸ್ ಇದ್ದರೆ ಬಳಸದ ಪ್ಲಗಿನ್‌ಗಳನ್ನು ಆಫ್ ಮಾಡಿದರೆ ಸಾಲದು, ಅಳಿಸಿಯೇ ಬಿಡಿ.

ಮೇಲ್: ಮೊದಲು ಡಿಎನ್‌ಎಸ್

ಪೋಸ್ಟ್‌ಫಿಕ್ಸ್ ಮುಟ್ಟುವ ಮೊದಲೇ ಡಿಎನ್‌ಎಸ್‌ನಲ್ಲಿ (ಯಾವ ಹೆಸರಿಗೆ ಯಾವ ಐಪಿ ಅಂತ ಹೇಳುವ ವ್ಯವಸ್ಥೆ) ಹೆಸರುಗಳನ್ನು ಸರಿಮಾಡಿ. ಸರ್ವರ್‌ಗೆ ‘ಮೇಲ್’ ಎಂದು ಶುರುವಾಗುವ ಹೆಸರಿಡಿ, ಅದರ ಐಪಿ ಹೇಳುವ ಎ ದಾಖಲೆ ಹಾಕಿ. ನಿಮ್ಮ ಡೊಮೇನ್‌ನ ಮೇಲ್ ಎಲ್ಲಿಗೆ ಬರಬೇಕು ಅಂತ ಹೇಳುವ ಎಂಎಕ್ಸ್ ದಾಖಲೆ ಆ ಹೆಸರನ್ನೇ ತೋರಿಸಬೇಕು, ಐಪಿ ಬರೆಯುವಂತಿಲ್ಲ. ಪಿಟಿಆರ್ ಹಾಕುವುದು ಡೊಮೇನ್ ಕೊಂಡ ಕಡೆ ಅಲ್ಲ, ವಿಪಿಎಸ್‌ನವರ ಪ್ಯಾನೆಲ್‌ನಲ್ಲಿ. ಐಪಿಯಿಂದ ಹೆಸರು, ಹೆಸರಿನಿಂದ ಐಪಿ, ಎರಡೂ ಕಡೆ ತಾಳೆಯಾಗಬೇಕು. ಐಪಿವಿ6ಗೆ ಪಿಟಿಆರ್ ಹಾಕಲು ಆಗದಿದ್ದರೆ ಪೋಸ್ಟ್‌ಫಿಕ್ಸ್ ಅನ್ನು ಐಪಿವಿ4ಕ್ಕೆ ಮಾತ್ರ ಕಟ್ಟಿಹಾಕಿ.

ಇನ್ನು ಡಿಎನ್‌ಎಸ್‌ಗೆ ಸೇರಿಸುವ ಮೂರು ಟಿಎಕ್ಸ್‌ಟಿ (ಪಠ್ಯ) ದಾಖಲೆಗಳು. ಯಾವ ಸರ್ವರ್ ನಿಮ್ಮ ಹೆಸರಲ್ಲಿ ಮೇಲ್ ಕಳಿಸಬಹುದು ಅಂತ ಎಸ್‌ಪಿಎಫ್ ಹೇಳುತ್ತದೆ. ಅದು ಡೊಮೇನ್‌ಗೆ ಒಂದೇ ಇರಬೇಕು, ಎರಡಿದ್ದರೆ ಎರಡೂ ಕೆಡುತ್ತವೆ. ಡಿಕೆಐಎಂ ಪ್ರತಿ ಮೇಲ್‌ಗೂ ಸಹಿ ಹಾಕುತ್ತದೆ, ಅದಕ್ಕೆ ಓಪನ್‌ಡಿಕೆಐಎಂ ಸಾಕು. ಅದರ ದಾಖಲೆಯಲ್ಲಿ ಹಾಕುವ 2048 ಬಿಟ್ ಕೀ ಉದ್ದವಾಗಿರುತ್ತದೆ. ಒಂದು ತುಂಡಿಗೆ 255 ಅಕ್ಷರದ ಮಿತಿ ಇರುವುದರಿಂದ ಕೆಲವು ಡಿಎನ್‌ಎಸ್ ಪ್ಯಾನೆಲ್‌ಗಳಲ್ಲಿ ನೀವೇ ಒಡೆದು ಹಾಕಬೇಕಾಗುತ್ತದೆ. ಸಹಿ ತಾಳೆಯಾಗುತ್ತಿಲ್ಲ ಅಂದರೆ ಮೊದಲು ಇಲ್ಲೇ ನೋಡಿ. ಈ ಪರೀಕ್ಷೆಗಳಲ್ಲಿ ಸೋತ ಮೇಲ್ ಅನ್ನು ಏನು ಮಾಡಬೇಕು ಅಂತ ಹೇಳುವುದು ಡಿಮಾರ್ಕ್. ಅದರಲ್ಲಿ ಮೊದಲ ಕೆಲವು ವಾರ ನೀತಿ ‘ನನ್’ (ಏನೂ ಮಾಡಬೇಡ) ಇರಲಿ. ವರದಿಗಳನ್ನು ನೋಡಿಕೊಂಡು ‘ಕ್ವಾರಂಟೈನ್’ಗೆ (ಸ್ಪ್ಯಾಮ್‌ಗೆ ಹಾಕು) ಏರಿಸಿ.

ಸಣ್ಣ ಸೈಟ್‌ಗೆ ಇಷ್ಟೆಲ್ಲ ಯಾಕೆ ಅನ್ನಬಹುದು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಮೇಲ್ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಜೊತೆಗೆ ಸರಿಯಾದ ಪಿಟಿಆರ್ ಕಡ್ಡಾಯ. ದಿನಕ್ಕೆ 5000 ದಾಟಿದರೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರೂ ಬೇಕು. ನಿಮ್ಮ ಸೈಟ್‌ನಿಂದ ಹೋಗುವುದು ಪಾಸ್‌ವರ್ಡ್ ಬದಲಾವಣೆಯ ಮೇಲ್ ಮಾತ್ರ ಅಂದರೆ ಸ್ವಂತ ಮೇಲ್ ಸರ್ವರ್ ಉಸಾಬರಿಯೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಪರವಾಗಿ ಮೇಲ್ ಕಳಿಸಿಕೊಡುವ ಯಾವುದಾದರೂ ರಿಲೇ ಸೇವೆ ಬಳಸಿ.

ಪೋಸ್ಟ್‌ಫಿಕ್ಸ್, ಡವ್‌ಕಾಟ್

ಇನ್‌ಸ್ಟಾಲ್ ಆಗುವಾಗ ಪೋಸ್ಟ್‌ಫಿಕ್ಸ್ ಕೇಳಿದರೆ ‘ಇಂಟರ್‌ನೆಟ್ ಸೈಟ್’ ಆರಿಸಿ. ಲಾಗಿನ್ ಇಲ್ಲದೆ ಯಾರು ಮೇಲ್ ಕಳಿಸಬಹುದು ಅಂತ ಹೇಳುವ ಮೈನೆಟ್‌ವರ್ಕ್ಸ್ ಸಾಲಿನಲ್ಲಿ, ಸರ್ವರ್ ತನ್ನೊಳಗೇ ಬಳಸುವ ಲೂಪ್‌ಬ್ಯಾಕ್ ವಿಳಾಸ ಬಿಟ್ಟು ಇನ್ನೇನನ್ನೂ ಸೇರಿಸಬೇಡಿ. ಅಲ್ಲಿ ಕೈತಪ್ಪಿದರೆ ನಿಮ್ಮದು ಓಪನ್ ರಿಲೇ ಆಗಿ, ಲೋಕದ ಸ್ಪ್ಯಾಮೆಲ್ಲ ನಿಮ್ಮ ಹೆಸರಲ್ಲಿ ಹೊರಡುತ್ತದೆ. ಹೊರಗಿನಿಂದ ಪೋರ್ಟ್ 25ಕ್ಕೆ ಬಂದು, ಲಾಗಿನ್ ಆಗದೆ, ಬೇರೆ ಡೊಮೇನ್‌ನ ವಿಳಾಸಕ್ಕೆ ಕಳಿಸಲು ನೋಡಿ. ‘ರಿಲೇ ಆಕ್ಸೆಸ್ ಡಿನೈಡ್’ ಅಂತ ಬಂದರೆ ಸರಿ ಇದೆ.

ಬಳಕೆದಾರರು ಮೇಲ್ ಕಳಿಸುವುದು 465ರಲ್ಲಿ, ಲಾಗಿನ್ ಆದ ಮೇಲೆ. ಆ ಲಾಗಿನ್ ಪರೀಕ್ಷೆಯನ್ನು ಡವ್‌ಕಾಟ್‌ಗೆ ಒಪ್ಪಿಸಿ. ಆದರೆ 25ರಲ್ಲಿ ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ) ಕಡ್ಡಾಯ ಮಾಡಬೇಡಿ, ಹಳೆಯ ಸರ್ವರ್‌ಗಳಿಂದ ಬರುವ ಮೇಲ್ ವಾಪಸ್ ಹೋಗುತ್ತದೆ. ಡವ್‌ಕಾಟ್ ಸೆಟ್ಟಿಂಗ್ ಅಂಟಿಸುವಾಗ ಆವೃತ್ತಿ ನೋಡಿಕೊಳ್ಳಿ. ಉಬುಂಟು 24.04ರಲ್ಲಿ ಇರುವುದು 2.3. ಡೆಬಿಯನ್ 13ರಲ್ಲಿ 2.4 ಇದೆ, ಅದರಲ್ಲಿ ಬರೆಯುವ ಕ್ರಮವೇ ಬದಲಾಗಿದೆ.

ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎರಡಕ್ಕೂ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರವನ್ನೇ ಕೊಡಿ. ನವೀಕರಣವಾದ ಕೂಡಲೇ ಅವು ಹೊಸದನ್ನು ಓದುವುದಿಲ್ಲ. ಸರ್ಟ್‌ಬಾಟ್‌ನ ಡಿಪ್ಲಾಯ್ ಹುಕ್ ಫೋಲ್ಡರ್‌ನಲ್ಲಿ (ಅಲ್ಲಿಟ್ಟದ್ದು ಪ್ರತಿ ನವೀಕರಣದ ನಂತರ ಓಡುತ್ತದೆ) ಎರಡನ್ನೂ ರೀಲೋಡ್ ಮಾಡುವ ಪುಟ್ಟ ಸ್ಕ್ರಿಪ್ಟ್ ಇಡಿ. ಅದಿಲ್ಲದೆ ಮೂರು ತಿಂಗಳಾದ ಮೇಲೆ ವೆಬ್‌ಸೈಟ್ ಸರಿ ಇದ್ದು ಮೇಲ್ ಮಾತ್ರ ಕೈಕೊಟ್ಟವರು ಬೇಕಾದಷ್ಟು ಜನ.

ಪದೇ ಪದೇ ತಪ್ಪು ಪಾಸ್‌ವರ್ಡ್ ಕೊಡುವ ಐಪಿಗಳನ್ನು ತಡೆಯುವ ಫೇಲ್2ಬ್ಯಾನ್ ಹಾಕಿ. ಹಾಕಿದಾಗ ಅದು ಎಸ್‌ಎಸ್‌ಎಚ್ ಒಂದನ್ನೇ ಕಾಯುತ್ತದೆ, ಪೋಸ್ಟ್‌ಫಿಕ್ಸ್ ಲಾಗಿನ್ ಮತ್ತು ಡವ್‌ಕಾಟ್‌ಗೆ ನೀವೇ ಆನ್ ಮಾಡಬೇಕು. ಈಗ ಜಿಮೇಲ್‌ಗೆ ಒಂದು ಮೇಲ್ ಕಳಿಸಿ, ಅಲ್ಲಿ ‘ಶೋ ಒರಿಜಿನಲ್’ ಒತ್ತಿ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರರ ಮುಂದೂ ‘ಪಾಸ್’ ಕಾಣಬೇಕು. ಕಂಡ ಮೇಲೂ ಮೊದಮೊದಲು ಮೇಲ್ ಸ್ಪ್ಯಾಮ್‌ಗೆ ಬೀಳಬಹುದು. ಐಪಿ ಹೊಸದು, ಅದರ ಹಿಂದಿನ ಬಾಡಿಗೆದಾರ ಎಂಥವನೋ! ಸ್ಪ್ಯಾಮ್ ಕಳಿಸುವ ಐಪಿಗಳನ್ನು ದಾಖಲಿಸುವ ಸ್ಪ್ಯಾಮ್‌ಹೌಸ್ ಪಟ್ಟಿಯಲ್ಲಿ ಆ ಐಪಿ ಇದೆಯಾ ಹುಡುಕಿ. ಇದ್ದರೆ ಬೇರೆ ಐಪಿ ಕೇಳಿ, ಜಗಳ ಆಡುತ್ತಾ ಕೂರುವುದಕ್ಕಿಂತ ಅದು ಬೇಗ.

ಮೇಲ್ ಫೋಲ್ಡರ್, ಡಿಕೆಐಎಂ ಕೀ ಮತ್ತು ಸೆಟ್ಟಿಂಗ್ ಕಡತಗಳ ಬ್ಯಾಕಪ್ ದಿನಾ ಬೇರೆ ಜಾಗಕ್ಕೆ ಹೋಗಲಿ. ಆ ಬ್ಯಾಕಪ್‌ನಿಂದ ಇನ್ನೊಂದು ಸರ್ವರ್‌ನಲ್ಲಿ ಮೇಲ್ ತೆರೆದುಕೊಳ್ಳುತ್ತಾ ಅಂತ ಒಮ್ಮೆ ನೋಡಿಬಿಡಿ. ಗಂಟೆ ಲೆಕ್ಕದಲ್ಲಿ ಸಿಗುವ ಸರ್ವರ್‌ಗೆ ಅಂಥ ಖರ್ಚೇನೂ ಆಗುವುದಿಲ್ಲ.