ಯೊಕೊಸುಕಾದಲ್ಲಿ ಮಗನ ದಿನಚರಿಯನ್ನು ಕಟ್ಟಿಕೊಂಡ ಬಗೆ

2022ರ ಆಗಸ್ಟ್ ತಿಂಗಳಲ್ಲಿ ನಾವು ಜಪಾನಿನ ಯೊಕೊಸುಕಾಕ್ಕೆ ಬಂದಿಳಿದಾಗ ಮಗನಿಗೆ ನಾಲ್ಕು ವರ್ಷ. ನನ್ನ ಗಂಡ ಮೈಸೂರಿನಲ್ಲಿ ಹುಟ್ಟಿ, ಹೈಸ್ಕೂಲಿನ ಹೊತ್ತಿಗೆ ತಂದೆತಾಯಿಯೊಡನೆ ಅಮೆರಿಕಕ್ಕೆ ಹೋಗಿ, ಅಲ್ಲಿಯ ನೌಕಾಪಡೆಗೆ ಸೇರಿದವರು. ಯೊಕೊಸುಕಾದ ನೌಕಾನೆಲೆಯಲ್ಲಿರುವ ಒಂದು ಹಡಗಿಗೆ ಅವರನ್ನು ಮೂರು ವರ್ಷಕ್ಕೆ ನೇಮಿಸಿದ್ದರು. ಆ ಮೂರು ವರ್ಷಗಳಲ್ಲಿ ಮಗನ ದಿನಗಳನ್ನು ನಾನು ಹೇಗೆ ನಡೆಸಿದೆ, ಎಲ್ಲಿ ತಪ್ಪಿದೆ, ಏನನ್ನು ಬದಲಿಸಿಕೊಂಡೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸೈನಿಕರ ಮನೆಗಳ ತಾಯಂದಿರಲ್ಲಿ ಯಾರಿಗಾದರೂ ಇದು ಉಪಯೋಗಕ್ಕೆ ಬಂದೀತೆಂಬುದು ನನ್ನ ಆಸೆ.

ಊರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1860ರ ದಶಕದಲ್ಲಿ ವೆರ್ನಿ ಎಂಬ ಫ್ರೆಂಚ್ ಎಂಜಿನಿಯರರ ಮುಂದಾಳತ್ವದಲ್ಲಿ ಇಲ್ಲಿ ಹಡಗು ಕಟ್ಟುವ ಕಾರ್ಖಾನೆ ಶುರುವಾಯಿತು. ಅದು ಮುಂದೆ ಜಪಾನಿ ನೌಕಾಪಡೆಯದಾಗಿ, 1945ರ ಯುದ್ಧದ ಸೋಲಿನ ನಂತರ ಅಮೆರಿಕದ ಕೈಗೆ ಬಂತು. ಈಗ ಅಮೆರಿಕದ ಏಳನೆಯ ನೌಕಾದಳಕ್ಕೆ ಇದೇ ಕೇಂದ್ರ. ಅಮೆರಿಕದ ಬಂದರುಗಳಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ಒಮ್ಮೆ ಹೊರಟರೆ ಆರೇಳು ತಿಂಗಳು ಹೋಗಿ, ಮರಳಿದ ಮೇಲೆ ಬಹುಕಾಲ ಊರ ಸಮೀಪದಲ್ಲೇ ಇರುತ್ತವೆ. ಯೊಕೊಸುಕಾದ ಹಡಗುಗಳು ಹಾಗಲ್ಲ. ಅವು ವರ್ಷಕ್ಕೆ ಹಲವು ಬಾರಿ ಹೋಗುತ್ತವೆ, ಬರುತ್ತವೆ. ನಮ್ಮ ಅಪ್ಪಂದಿರು ಮನೆಯಲ್ಲಿರುವುದೂ ಇಲ್ಲದಿರುವುದೂ ಹೀಗೆ ತುಂಡು ತುಂಡಾಗಿರುವುದರಿಂದ, ಅಪ್ಪನಿರುವ ಮನೆಗೆ ಮಗು ಒಗ್ಗಿಕೊಳ್ಳುವಷ್ಟರಲ್ಲಿ ಅಪ್ಪ ಮತ್ತೆ ಹೊರಟಿರುತ್ತಾರೆ.

ನಾವು ಬೇಸಿನ, ಅಂದರೆ ನೌಕಾನೆಲೆಯ ಹೊರಗೆ, ಊರಿನ ಗುಡ್ಡದ ಮೇಲೆ ಮನೆ ಹಿಡಿದೆವು. ಯೊಕೊಸುಕಾದಲ್ಲಿ ಸಮತಟ್ಟಾದ ನೆಲ ಕಡಿಮೆ. ಗುಡ್ಡಗಳ ನಡುವಿನ ಕಣಿವೆಗಳಲ್ಲಿ ಒಂದರ ಮೇಲೊಂದು ಮನೆಗಳಿದ್ದು, ಎಷ್ಟೋ ಮನೆಗಳಿಗೆ ಕಾರು ಹೋಗುವುದಿಲ್ಲ, ಮೆಟ್ಟಿಲೇ ದಾರಿ. ಅಕ್ಕಿ ಮೂಟೆಯನ್ನು ಹೊತ್ತು ಆ ಮೆಟ್ಟಿಲು ಹತ್ತುವಾಗ ಬೇಸಿನೊಳಗಿನ ಲಿಫ್ಟ್ ಇರುವ ಮನೆಗಳು ನೆನಪಾದದ್ದು ನಿಜ. ಆದರೂ ಆ ತೀರ್ಮಾನದ ಬಗ್ಗೆ ನನಗೆ ಇವತ್ತಿಗೂ ಸಮಾಧಾನವಿದೆ. ಬೇಸಿನ ಗೇಟಿನೊಳಗೆ ಅಮೆರಿಕದ ಅಂಗಡಿ, ಅಮೆರಿಕದ ಶಾಲೆ, ಡಾಲರ್ ಎಲ್ಲವೂ ಇರುವುದರಿಂದ, ಜಪಾನಿನಲ್ಲಿದ್ದೂ ಜಪಾನನ್ನು ಕಾಣದೆ ಮೂರು ವರ್ಷ ಕಳೆಯುವುದು ಅಲ್ಲಿ ಬಹಳ ಸುಲಭ. ನಾವು ಇನ್ನೊಬ್ಬರ ಊರಿನಲ್ಲಿದ್ದೇವೆ, ಅವರ ರೀತಿ ಕಲಿಯಬೇಕಾದವರು ನಾವು ಎಂಬುದು ಮಗನಿಗೆ ಚಿಕ್ಕಂದಿನಲ್ಲೇ ತಿಳಿಯಲಿ ಎಂದು ನಾನು ಬಯಸಿದ್ದೆ.

ಮೊದಲ ವರ್ಷ ಅವನನ್ನು ಮನೆ ಹತ್ತಿರದ ಯೋಚಿಯೆನ್‌ಗೆ, ಅಂದರೆ ಜಪಾನಿ ಶಿಶುವಿಹಾರಕ್ಕೆ ಸೇರಿಸಿದೆ. ಅಲ್ಲಿಂದಲೇ ನಮ್ಮ ಮನೆಗೆ ಒಂದು ಮಾತು ಬಂತು. ಮನೆಯಿಂದ ಹೊರಡುವ ಜಪಾನಿ ಮಗು 'ಇತ್ತೆಕಿಮಾಸು' ಎನ್ನುತ್ತದೆ, ಮನೆಯಲ್ಲಿ ಉಳಿಯುವವರು 'ಇತ್ತೆರಾಶ್ಶಾಯ್' ಎನ್ನುತ್ತಾರೆ. ಮೊದಲನೆಯದಕ್ಕೆ ಹೋಗಿ ಬರುತ್ತೇನೆ, ಎರಡನೆಯದಕ್ಕೆ ಹೋಗಿ ಬಾ ಎಂದೇ ಅರ್ಥ. ಪಕ್ಕದ ಮನೆಯ ಅಜ್ಜಿ ಇದನ್ನು ಬಿಡಿಸಿ ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಹೊಸಿಲು ದಾಟುವವರು 'ಹೋಗ್ತೀನಿ' ಎಂದರೆ ನನ್ನ ತಾಯಿ ಬೈದು, 'ಹೋಗಿ ಬರ್ತೀನಿ ಅನ್ನು' ಎಂದು ಮತ್ತೆ ಹೇಳಿಸುತ್ತಿದ್ದರು. ಇಂಗ್ಲಿಷಿನ 'ಬೈ'ನಲ್ಲಿ ಮರಳಿ ಬರುವ ಮಾತಿಲ್ಲ. ಅಂದಿನಿಂದ ಮಗ ಶಾಲೆಗೆ ಹೊರಡುವಾಗಲೂ, ಅಪ್ಪ ಹಡಗಿಗೆ ಹೊರಡುವಾಗಲೂ, ನಾನು ಮೂಲೆಯ ಅಂಗಡಿಗೆ ಮೊಸರು ತರಲು ಹೋಗುವಾಗಲೂ ಒಂದೇ ಮಾತು, ಒಂದೇ ದನಿ ಎಂದು ಗೊತ್ತುಮಾಡಿದೆ. ಹಡಗಿಗೆ ಹೋಗುವುದಕ್ಕೆ ಪ್ರತ್ಯೇಕವಾದ ಅಳುವ ಬೀಳ್ಕೊಡುಗೆ ಇಟ್ಟುಕೊಳ್ಳದಿರುವುದು ಮಗುವಿಗೆ ಎಷ್ಟು ಹಗುರ ಎಂಬುದನ್ನು ಮುಂದಿನ ವರ್ಷಗಳಲ್ಲಿ ಕಂಡೆ.

ಐದು ತುಂಬಿದ ಮೇಲೆ, 2023ರ ಆಗಸ್ಟ್‌ನಿಂದ, ಅವನು ಬೇಸಿನೊಳಗಿನ ಶಾಲೆಗೆ ಹೋದ. ಅಮೆರಿಕದ ರಕ್ಷಣಾ ಇಲಾಖೆಯೇ ನಡೆಸುವ ಈ ಶಾಲೆಗಳಲ್ಲಿ ಆಯಾ ದೇಶದ ಭಾಷೆ, ಆಚಾರಗಳನ್ನು ಕಲಿಸುವ ತರಗತಿಯೂ ಇರುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಬೇಸಿನಲ್ಲಿ ಧ್ವಜ ಏರುವಾಗ ಎರಡೂ ದೇಶಗಳ ರಾಷ್ಟ್ರಗೀತೆ ಮೊಳಗುತ್ತದೆ. ಆಗ ಕಾರುಗಳು ನಿಲ್ಲುತ್ತವೆ, ನಡೆಯುವವರು ನಿಂತು ಧ್ವಜದ ಕಡೆ ತಿರುಗುತ್ತಾರೆ. ಸಂಜೆ ನಮ್ಮ ಗುಡ್ಡದ ಬೀದಿಯ ಧ್ವನಿವರ್ಧಕದಿಂದ, ಮಕ್ಕಳು ಆಟ ಮುಗಿಸಿ ಮನೆಗೆ ಹೋಗುವ ಹೊತ್ತಾಯಿತೆಂದು ಒಂದು ರಾಗ ಕೇಳಿಬರುತ್ತದೆ. ಭೂಕಂಪ, ಸುನಾಮಿಯ ಎಚ್ಚರಿಕೆ ಕೊಡಲು ಹಾಕಿದ ಧ್ವನಿವರ್ಧಕ ಅದು. ಹಡಗು ಇರಲಿ ಬಿಡಲಿ, ಈ ಎರಡು ಸದ್ದುಗಳು ಒಂದು ದಿನವೂ ತಪ್ಪುವುದಿಲ್ಲ. ನಾನು ಮಗನ ದಿನವನ್ನು ಕಟ್ಟಿದ್ದು ಈ ಎರಡು ಕಂಬಗಳ ನಡುವೆ. ಅದಕ್ಕೂ ಮುಂಚೆ ನಾನು ಮಾಡಿದ ತಪ್ಪನ್ನು ಹೇಳಬೇಕು.

ಮೊದಲ ಸಲ ಹಡಗು ಬಹಳ ದಿನಕ್ಕೆಂದು ಹೊರಟಾಗ, ಬೇರೆ ಮನೆಗಳಲ್ಲಿ ನೋಡಿದ್ದಂತೆ ನಾನೂ ಬಣ್ಣದ ಕಾಗದದ ಉಂಗುರಗಳ ಸರಪಳಿ ಮಾಡಿ ಗೋಡೆಗೆ ತೂಗುಹಾಕಿದೆ. ದಿನಕ್ಕೊಂದು ಉಂಗುರ ಹರಿಯಬೇಕು, ಕೊನೆಯದು ಹರಿದ ದಿನ ಅಪ್ಪ ಬರುತ್ತಾರೆ ಎಂಬುದು ಲೆಕ್ಕ. ಸರಪಳಿ ಮುಗಿಯುವ ಎರಡು ದಿನ ಮುಂಚೆ ಹಡಗು ತಡವಾಗುತ್ತದೆಂದು ತಿಳಿಯಿತು. ರಾತ್ರಿ ಮಗ ಮಲಗಿದ ಮೇಲೆ ಉಂಗುರಗಳನ್ನು ಸೇರಿಸಲು ಕುಳಿತೆ, ಆದರೆ ಕೈ ಬರಲಿಲ್ಲ. ಅದು ಅವನಿಗೆ ಸುಳ್ಳು ಹೇಳಿದಂತೆ. ಬೆಳಿಗ್ಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ತಲೆಯಾಡಿಸಿದ. ಆದರೆ ಎರಡನೆಯ ದಿನ ಕೊನೆಯ ಹಳದಿ ಉಂಗುರವನ್ನು ಹರಿಯದೆ ಕೈಗೆ ಬಳೆಯಂತೆ ಹಾಕಿಕೊಂಡು, ಚಪ್ಪಲಿ ಬಿಡುವ ಗೆಂಕಾನ್‌ನ ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ಕುಳಿತಿದ್ದ. ಬೆವರಿಗೆ ಕಾಗದ ಮೆತ್ತಗಾಗಿ ಅದರ ಹಳದಿ ಬಣ್ಣ ಮಣಿಕಟ್ಟಿಗೆ ಹತ್ತಿತ್ತು. ಅದನ್ನು ನಾನು ಮರೆಯಲಾರೆ.

ನನ್ನ ಕೈಯಲ್ಲಿಲ್ಲದ ತಾರೀಖೊಂದನ್ನು ನಾನು ಅವನಿಗೆ ಮಾತು ಕೊಟ್ಟಿದ್ದೆ. ಹಡಗು ಯಾವಾಗ, ಎಲ್ಲಿಗೆ ಬರುತ್ತದೆ ಎಂಬುದನ್ನು ಮನೆಯವರು ಹೊರಗೆ ಹೇಳುವಂತಿಲ್ಲ. ನಮಗೆ ತಿಳಿದ ತಾರೀಖೂ ಯಾವ ಗಳಿಗೆಯಲ್ಲಾದರೂ ಬದಲಾಗಬಹುದು. ಕಳೆಯುವ ಲೆಕ್ಕ ಇಂಥ ಮನೆಗೆ ಹೊಂದುವುದಿಲ್ಲ. ಆದ್ದರಿಂದ ಮುಂದಿನ ಸಲ ಕೂಡುವ ಲೆಕ್ಕಕ್ಕೆ ತಿರುಗಿದೆ. ಅದು ಶರತ್ಕಾಲ. ಜಪಾನಿನ ಮಕ್ಕಳೆಲ್ಲ ಓಕ್ ಮರಗಳ ಕೆಳಗೆ ಬಿದ್ದ ದೊಂಗುರಿ ಕಾಯಿಗಳನ್ನು ಜೇಬು ತುಂಬ ಆಯುವ ಕಾಲ. ಅಪ್ಪ ಹೋದ ಪ್ರತಿ ದಿನಕ್ಕೂ ಒಂದು ದೊಂಗುರಿಯನ್ನು ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಹಾಕುವುದು, ಅಪ್ಪ ಬಂದ ದಿನ ಇಬ್ಬರೂ ಕುಳಿತು ಎಣಿಸುವುದು ಎಂದು ಮಾತಾಯಿತು. ಹಡಗು ತಡವಾದರೆ ಬಾಟಲಿ ಇನ್ನಷ್ಟು ತುಂಬುತ್ತದೆಯೇ ಹೊರತು ಯಾವ ಮಾತೂ ಮುರಿಯುವುದಿಲ್ಲ.

ಹತ್ತನೆಯ ದಿನ ಬಾಟಲಿಯ ತಳದಲ್ಲಿ ಬಿಳಿಯ ದಪ್ಪ ಹುಳುಗಳು ಹರಿದಾಡುತ್ತಿದ್ದವು. ಮಗ ಹೌಹಾರಿದ. ಪಕ್ಕದ ಮನೆಯ ಅಜ್ಜಿ ಬಂದು ನೋಡಿ ನಕ್ಕು, ಕಾಯಿಯೊಳಗೆ ಜೀರುಂಡೆ ಮೊಟ್ಟೆ ಇಟ್ಟಿರುತ್ತದೆಂದು ತಿಳಿಸಿ, ನಮ್ಮದೇ ಒಲೆಯ ಮೇಲೆ ನೀರಿಟ್ಟು ಕಾಯಿಗಳನ್ನು ಕೆಲವು ನಿಮಿಷ ಕುದಿಸಿ, ಹಳೆಯ ಪತ್ರಿಕೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಲು ಕಲಿಸಿಕೊಟ್ಟರು. ನೀರಿನಲ್ಲಿ ತೇಲುವ ಕಾಯಿಯನ್ನು ಮೊದಲೇ ಆರಿಸಿ ಎಸೆಯಬೇಕು, ಅದು ಹುಳು ತಿಂದದ್ದಿರುತ್ತದೆ ಎಂದರು. ಮುಂದೆ ಪ್ರತಿ ಶನಿವಾರ ಕಾಯಿ ಆಯುವುದು, ತೇಲಿಸಿ ನೋಡುವುದು, ಕುದಿಸುವುದು ನಮ್ಮ ಮನೆಯ ಕೆಲಸವಾಯಿತು, ಅಪ್ಪನಿಲ್ಲದ ವಾರಕ್ಕೆ ಒಂದು ನಡು ಸಿಕ್ಕಿತು.

ಸಂಜೆಯ ರಾಗ ಕೇಳಿದೊಡನೆ ಹಾಸನದಲ್ಲಿರುವ ನನ್ನ ತಾಯಿಗೆ ಕರೆ ಮಾಡುವುದು ಇನ್ನೊಂದು ನಿಯಮ. ಜಪಾನ್ ನಮ್ಮ ದೇಶಕ್ಕಿಂತ ಮೂರೂವರೆ ಗಂಟೆ ಮುಂದೆ. ಇಲ್ಲಿ ಸಂಜೆ 5 ಆದರೆ ಅಲ್ಲಿ ಮಧ್ಯಾಹ್ನ 1.30, ಅಮ್ಮ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತು. ಅವನ ಕನ್ನಡ ಉಳಿದದ್ದು ಆ ಇಪ್ಪತ್ತು ನಿಮಿಷದಿಂದ. ಆದರೆ ಅಮ್ಮ ದಿನವೂ ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಕಷ್ಟದ್ದು: 'ನಿಮ್ಮಪ್ಪ ಯಾವತ್ತು ಬರ್ತಾರಂತೆ ಕಂದ?' ತಾರೀಖು ಹೇಳಬಾರದೆಂದು ಶಾಲೆಯಲ್ಲೂ ಮನೆಯಲ್ಲೂ ಕೇಳಿದ್ದ ಮಗು ಅಜ್ಜಿಯ ಮುಂದೆ ಬಾಯಿ ಕಟ್ಟಿದವನಂತೆ ಕೂರುತ್ತಿದ್ದ. ಪ್ರೀತಿಯಿಂದ ಕೇಳುವವರಿಗೆ ಉತ್ತರ ಮುಚ್ಚಿಡುವ ಭಾರವನ್ನು ಐದು ವರ್ಷದವನ ಮೇಲೆ ಹೊರಿಸುವುದು ಸರಿಯಲ್ಲ. ನಾನು ಅಮ್ಮನಿಗೆ ಬೇರೆಯಾಗಿ ಫೋನ್ ಮಾಡಿ, ಯಾವತ್ತು ಬರ್ತಾರೆ ಎಂದು ಕೇಳಬೇಡಿ, ಬಾಟಲಿಯಲ್ಲಿ ಎಷ್ಟಾಯಿತು ಎಂದು ಕೇಳಿ ಎಂದೆ. ಅಂದಿನಿಂದ 'ಎಷ್ಟಾಯ್ತೋ?' ಎಂದೊಡನೆ ಅವನು ಕನ್ನಡದಲ್ಲಿ ಎಣಿಸತೊಡಗಿದ. ಅರವತ್ತೊಂಬತ್ತು, ಎಪ್ಪತ್ತೊಂಬತ್ತು ಎಂಬ ತೊಡಕಿನ ಸಂಖ್ಯೆಗಳು ಅವನಿಗೆ ಕಲಿಸದೆಯೇ ಬಂದವು.

ರಾತ್ರಿಗೆ ಅಪ್ಪನ ಕಥೆ. ಹೊರಡುವ ಮೊದಲು ಗಂಡ ಹತ್ತು ಕಥೆಗಳನ್ನು ಕನ್ನಡದಲ್ಲಿ ಹೇಳಿ ಫೋನಿನಲ್ಲಿ ತುಂಬಿಸಿಡುತ್ತಿದ್ದರು. ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಅವರು ಹಡಗಿನಲ್ಲೇ ಹೇಳಿದ್ದರಿಂದ, ಗುಬ್ಬಕ್ಕ ಬಾಗಿಲು ತೆಗೆಯುವ ಜಾಗದಲ್ಲಿ ಹಡಗಿನ ಧ್ವನಿವರ್ಧಕದ ಸೀಟಿ ಕೇಳಿ ಅವರು ಮಾತು ನಿಲ್ಲಿಸಿ ಕಾಯುತ್ತಾರೆ. ಮಗ ಪ್ರತಿ ರಾತ್ರಿ ಆ ಸೀಟಿಯನ್ನು ತಾನೂ ಊದಿ, ಅಪ್ಪನ ಜೊತೆ ತಾನೂ ಕಾಯುತ್ತಿದ್ದ. ಚೆನ್ನಾಗಿ ಮತ್ತೆ ಹೇಳಿ ಕಳುಹಿಸುತ್ತೇನೆಂದು ಗಂಡ ಬರೆದಾಗ ಬೇಡವೇ ಬೇಡ ಎಂದೆ.

ಅಪ್ಪ ಮರಳುವ ದಿನದ ಬಗ್ಗೆಯೂ ಹೇಳಬೇಕು, ಏಕೆಂದರೆ ಅದು ಹೋಗುವ ದಿನಕ್ಕಿಂತ ಕಷ್ಟ. ಹಡಗುಕಟ್ಟೆಯಲ್ಲಿ ಕೈಬರಹದ ಫಲಕ ಹಿಡಿದ ಮಕ್ಕಳು ಓಡಿಹೋಗಿ ತಬ್ಬಿಕೊಳ್ಳುತ್ತಿದ್ದರೆ, ನನ್ನ ಮಗ ನನ್ನ ಕುರ್ತಾದ ಹಿಂದೆ ಅಡಗಿದ. ಗಂಡನ ಮುಖ ಬಾಡಿತು. ಬಲವಂತ ಮಾಡಲಿಲ್ಲ. ಮನೆಗೆ ಬಂದು ಬಾಟಲಿ ಸುರಿದು ಎಣಿಸಲು ಕುಳಿತಾಗಲೇ ಅವನು ಅಪ್ಪನ ತೊಡೆಯ ಪಕ್ಕಕ್ಕೆ ಸರಿದದ್ದು. ಮೊದಲ ಎರಡು ವಾರ ಅಪ್ಪನಾದವರು ಮನೆಯಲ್ಲಿ ಹೊಸ ನಿಯಮ ತರಬಾರದು, ಮಲಗುವ ಹೊತ್ತು ಬದಲಿಸಬಾರದು, ಮಗನ ದಿನಚರಿಯನ್ನು ಮಗನಿಂದಲೇ ಕೇಳಿ ತಿಳಿಯಬೇಕು ಎಂದು ನಾವಿಬ್ಬರೂ ಒಪ್ಪಿಕೊಂಡೆವು. ಹಡಗಿನಲ್ಲಿ ಆಜ್ಞೆ ಕೊಟ್ಟು ರೂಢಿಯಾದವರಿಗೆ ಇದು ಸುಲಭವಲ್ಲ, ಆದರೂ ನನ್ನ ಗಂಡ ಅದನ್ನು ಶ್ರದ್ಧೆಯಿಂದ ಪಾಲಿಸಿದರು.

2025ರ ಜೂನ್‌ನಲ್ಲಿ ಯೊಕೊಸುಕಾ ಬಿಟ್ಟೆವು. ದೊಂಗುರಿಗಳನ್ನು ವಿಮಾನದಲ್ಲಿ ಒಯ್ಯುವುದು ಬೇಡವೆಂದು ಎಲ್ಲವನ್ನೂ ಪಕ್ಕದ ಮನೆಯ ಅಜ್ಜಿಗೆ ಕೊಟ್ಟು, ಬಾಟಲಿಯನ್ನು ಮಾತ್ರ ತೊಳೆದು ತಂದೆವು. ಈಗ ನಾವಿರುವುದು ಸ್ಯಾನ್ ಡಿಯಾಗೊದಲ್ಲಿ. ಬಾಟಲಿ ಅಡುಗೆಮನೆಯ ಕಿಟಕಿಯ ಮೇಲಿದೆ, ಅದರಲ್ಲಿ ಕಡಲದಂಡೆಯ ಕಪ್ಪೆಚಿಪ್ಪುಗಳಿವೆ. ನಿನ್ನೆ ಸಂಜೆ ಅವನು ಎಣಿಸಿದಾಗ ನಲವತ್ತೊಂದು ಆಗಿದ್ದವು.